ಗೌರವರ್ಣವೂ ಚೌಕಿಯ ಅಡಿಬಣ್ಣವೂ

ತೀರ ಬೆಳ್ಳಗಿರುವ ಮುಖಕ್ಕೆ ಬಣ್ಣವೇತಕ್ಕೆ ಎಂಬುದು ನಮ್ಮ ಕಡೆಯ ಹಿರಿಯರಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು. ಮೈಬಣ್ಣ ಕಪ್ಪಾದವನು ವೇಷಕ್ಕೆ ಕುಳಿತರೆ ಬಣ್ಣ ಹೆಚ್ಚು ಬೇಕು, ಬೆಳ್ಳಗಿರುವವನಿಗೆ ಹಣೆಯ ನಾಮವೂ ಕಣ್ಣಿನ ಕಾಡಿಗೆಯೂ ಸಾಕು ಎಂದು ಅವರ ಎಣಿಕೆ. ಯಕ್ಷಗಾನದ ಚೌಕಿಯಲ್ಲಿ ಒಂದು ರಾತ್ರಿಯಾದರೂ ಕುಳಿತು ನೋಡಿದವರು ಈ ಎಣಿಕೆಯನ್ನು ಒಪ್ಪಲಾರರು. ಬಣ್ಣ ಹಚ್ಚುವವನಿಗೆ ಅತ್ಯಂತ ಹೆಚ್ಚಿನ ಶ್ರಮವನ್ನು ಕೊಡತಕ್ಕದ್ದು ಬಿಳಿಯ ಮುಖವೇ. ಇಂದು ಫೌಂಡೇಶನ್ ಎಂಬ ಹೆಸರಿನಿಂದ ಸೀಸೆಗಳಲ್ಲಿ ಮಾರಾಟವಾಗುವ ಅಡಿಬಣ್ಣವನ್ನು ಕೊಳ್ಳಹೋದ ಹೆಣ್ಣುಮಕ್ಕಳಿಗೂ ಇದೇ ತೊಡಕು. ಮದುವೆಯ ಕಾಲದಲ್ಲಿ ಕುಂದಾಪುರದ ಪೇಟೆಯಿಂದ ಹಿಂದಿರುಗಿದವರು, ಒಂದು ಹಳದಿಯಾಯಿತು, ಒಂದು ಗುಲಾಬಿಯಾಯಿತು, ಇನ್ನೊಂದು ಬೂದಿ ಬಳಿದಂತಾಯಿತು ಎಂದು ಹೇಳುವುದುಂಟು. ಈ ತೊಡಕಿಗೆ ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರ ಪ್ರಾಂತಗಳಲ್ಲಿ ಒಂದು ಚರಿತ್ರೆಯುಂಟು. ಅದನ್ನು ಯಥಾಶಕ್ತಿ ನಿರೂಪಿಸುವುದೇ ಈ ಲೇಖನದ ಉದ್ದೇಶವು.

ಮೊದಲು ಶಬ್ದವನ್ನೇ ನೋಡೋಣ. ಬೆಳ್ಳಗಿರುವವರನ್ನು ನಾವು ಗೌರವರ್ಣದವರೆನ್ನುತ್ತೇವೆ. ಅಮರಸಿಂಹನು ತನ್ನ ಕೋಶದ ನಾನಾರ್ಥವರ್ಗದಲ್ಲಿ ಗೌರಶಬ್ದಕ್ಕೆ ಅರುಣ, ಸಿತ, ಪೀತ ಎಂಬ ಮೂರು ಅರ್ಥಗಳನ್ನು ಹೇಳಿದ್ದಾನೆ. ಎಂದರೆ ಕೆಂಪೂ ಗೌರವೇ, ಬಿಳಿಯೂ ಗೌರವೇ, ಹಳದಿಯೂ ಗೌರವೇ. ಪಾಠಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡುವ ಕಾಲಕ್ಕೆ ಇದೆಂತಹ ಅವ್ಯವಸ್ಥೆಯೆಂದು ಯಾವ ವಿದ್ಯಾರ್ಥಿಗೂ ತೋರದೆ ಇರದು. ಆದರೆ ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಆಹಾರ್ಯಾಭಿನಯದ ಅಧ್ಯಾಯವನ್ನು ಓದಿದಾಗ ಕೋಶಕಾರನು ಕಣ್ಣಿದ್ದವನೆಂಬುದು ತಿಳಿಯುತ್ತದೆ. ಅಲ್ಲಿ ನಟನ ಮೈಗೆ ಹಚ್ಚುವ ಮೂಲವರ್ಣಗಳು ನಾಲ್ಕು: ಸಿತ, ನೀಲ, ಪೀತ, ರಕ್ತ. ಉಳಿದವೆಲ್ಲವೂ ಇವುಗಳ ಬೆರಕೆಯಿಂದ ಹುಟ್ಟತಕ್ಕವು. ಬಿಳಿಗೆ ಹಳದಿ ಸೇರಿದರೆ ಪಾಂಡು. ಬಿಳಿಗೆ ಕೆಂಪು ಸೇರಿದರೆ ಪದ್ಮ. ಹಳದಿಗೆ ನೀಲಿ ಸೇರಿದರೆ ಹರಿತ. ನೀಲಿಗೆ ಕೆಂಪು ಸೇರಿದರೆ ಕಷಾಯ. ಗೌರವಾದರೋ ಕೆಂಪಿಗೆ ಹಳದಿ ಸೇರಿದರೆ ಆಗುವುದು. ಅದರಲ್ಲಿ ಬಿಳಿಯೇ ಇಲ್ಲ!

ಇದು ವಿಚಾರಮಾಡತಕ್ಕ ಮಾತು. ಮುನಿಯ ಲೆಕ್ಕದಲ್ಲಿ ಆರೋಗ್ಯವಂತನ ಗೌರವರ್ಣವು ರಕ್ತದಿಂದಲೂ ಚಿನ್ನದಿಂದಲೂ ಬಂದದ್ದು. ಬಿಳಿ ಸೇರಿದ ಬಣ್ಣವು ಪಾಂಡುವೆನಿಸಿತು. ಪಾಂಡುವೆಂಬುದು ಯಾವ ಬಣ್ಣವೆಂದು ಭಾರತವನ್ನು ಕೇಳಿದವರಿಗೆ ಹೇಳಬೇಕಾದುದಿಲ್ಲ. ವ್ಯಾಸರ ರೂಪವನ್ನು ಕಂಡು ಅಂಬಾಲಿಕೆಯು ವಿವರ್ಣಳಾದುದರಿಂದ ಅವಳ ಮಗನು ಆ ಬಣ್ಣದಿಂದಲೇ ಹುಟ್ಟಿ ಆ ಹೆಸರನ್ನೇ ಪಡೆದನು. ವೈದ್ಯರು ರಕ್ತಹೀನತೆಯನ್ನು ಪಾಂಡುರೋಗವೆಂದರು. ಹೀಗೆ ಬಿಳುಪಿನಲ್ಲಿ ಎರಡು ಜಾತಿ, ಬದುಕಿರುವ ಬಿಳುಪೊಂದು, ಬಾಡಿದ ಬಿಳುಪೊಂದು ಎಂಬ ಭೇದವು ನಮ್ಮ ಪೂರ್ವಿಕರಿಗೆ ಚೆನ್ನಾಗಿ ಗೊತ್ತಿದ್ದಿತು. ಬಣ್ಣ ಹಚ್ಚುವವನು ಕೈತಪ್ಪಿದರೆ ಮೊದಲನೆಯದು ಎರಡನೆಯದಾಗುತ್ತದೆ.

ಅದೇ ಅಧ್ಯಾಯದಲ್ಲಿ ಯಾವ ದೇಶದವರಿಗೆ ಯಾವ ಬಣ್ಣವೆಂಬ ವಿಧಿಯೂ ಉಂಟು. ಶಕ, ಯವನ, ಪಹ್ಲವ, ಬಾಹ್ಲಿಕರಿಗೆ ಗೌರವು. ದಾಕ್ಷಿಣಾತ್ಯರಾದ ನಮಗೆ ಅಸಿತವು. ಇದಕ್ಕಾಗಿ ಯಾರೂ ಮುನಿಯ ಮೇಲೆ ಮುನಿಯಬೇಕಾಗಿಲ್ಲ. ರಂಗಸ್ಥಳದಲ್ಲಿ ದೂರದಿಂದ ಗುರುತಿಸುವುದಕ್ಕೆ ಮಾಡಿದ ಏರ್ಪಾಡದು. ಜೀವನು ಒಂದು ದೇಹದ ಸ್ವಭಾವವನ್ನು ಬಿಟ್ಟು ಮತ್ತೊಂದು ದೇಹದ ಸ್ವಭಾವವನ್ನು ಹೊಂದುವಂತೆ ನಟನು ತನ್ನ ಸ್ವಂತ ಬಣ್ಣವನ್ನು ಮುಚ್ಚಿ ಪಾತ್ರದ ಬಣ್ಣವನ್ನು ತಳೆಯಬೇಕೆಂದು ಅಲ್ಲಿಯ ಅಭಿಪ್ರಾಯ. ಆದುದರಿಂದ ಶಾಸ್ತ್ರದ ಬಣ್ಣಗಾರಿಕೆಯು ಮುಚ್ಚುವ ವಿದ್ಯೆ. ಇಂದಿನ ಹೆಣ್ಣುಮಗಳು ಅಂಗಡಿಯಲ್ಲಿ ಬೇಡುವುದು ಇದಕ್ಕೆ ವಿಪರೀತವಾದುದು: ಹಚ್ಚಿದ್ದೇ ತಿಳಿಯಬಾರದು, ಕೊರಳಿಗೂ ಕೆನ್ನೆಗೂ ನಡುವೆ ಗೆರೆ ಕಾಣಬಾರದು. ಮುಚ್ಚುವ ವಿದ್ಯೆಯಿಂದ ಹೊಂದಿಸುವ ವಿದ್ಯೆ ಹುಟ್ಟಿದುದು ಎಲ್ಲಿ ಎಂದು ಕೇಳಿದರೆ, ನಮ್ಮ ಸೀಮೆಯ ಮಟ್ಟಿಗೆ ಅದು ಬಡಗುತಿಟ್ಟಿನ ಸ್ತ್ರೀವೇಷದಲ್ಲಿ ಎಂದು ನಾನು ಹೇಳುವೆನು.

ಕಾರಣವನ್ನು ವಿವರಿಸುತ್ತೇನೆ. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ ಮೊದಲಾದ ಕ್ಷೇತ್ರಗಳ ಮೇಳಗಳ ಆಟವನ್ನು ನೋಡಿದವರಿಗೆ ಪುರುಷವೇಷದ ಅಂಗವಿನ್ಯಾಸವು ಗೊತ್ತಿದ್ದದ್ದೇ. ತಲೆಗೆ ಕೇದಗೆಮುಂದಲೆಯೋ ಮುಂಡಾಸೋ ಕಿರೀಟವೋ, ಮೈಗೆ ದಗಲೆ, ಎದೆಗೆ ಎದೆಕಟ್ಟು, ತೋಳಿಗೆ ಭುಜಕೀರ್ತಿ, ಮುಂಗೈಗೆ ಕೈಕಟ್ಟು. ಮುಖವೊಂದನ್ನು ಬಿಟ್ಟರೆ ಮೈಯ ಚರ್ಮವು ಸಭೆಗೆ ಕಾಣುವುದೇ ಕಡಿಮೆ. ಮುಖಕ್ಕೆ ಯಾವ ಬಣ್ಣವಿದ್ದರೂ ಅದನ್ನು ಅಳೆದುನೋಡುವುದಕ್ಕೆ ಪಕ್ಕದಲ್ಲಿ ಇನ್ನೊಂದು ಬಣ್ಣವಿಲ್ಲ. ರಾಕ್ಷಸರ ಬಣ್ಣದ ವೇಷದಲ್ಲಂತೂ ಸ್ವಂತ ಚರ್ಮದ ಮಾತೇ ಇಲ್ಲ. ಸ್ತ್ರೀವೇಷವು ಹಾಗಲ್ಲ. ಸೀರೆಯುಟ್ಟು ರವಿಕೆ ತೊಟ್ಟ ಮೇಲೆ ಕೊರಳೂ ಮುಂದೋಳೂ ಕೈಬೆರಳೂ ಬಯಲಿನಲ್ಲಿ ಇರುವುವು. ದ್ರೌಪದಿಯು ಕೈಯೆತ್ತಿ ಮೊರೆಯಿಟ್ಟಾಗ ಮುಖವೊಂದು ಬಣ್ಣ, ಕೈಯೊಂದು ಬಣ್ಣವಾದರೆ ಕರುಣರಸವು ಅಲ್ಲಿಗೆ ಮುಗಿಯಿತು. ಆದುದರಿಂದ ಸ್ತ್ರೀವೇಷಧಾರಿಯು ತನ್ನ ಚರ್ಮದ ಬಣ್ಣವನ್ನು ಓದಲೇಬೇಕಾಯಿತು. ಹಾರಾಡಿ ನಾರಾಯಣ ಗಾಣಿಗ, ಕೋಟ ವೈಕುಂಠ, ಅರಾಟೆ ಮಂಜುನಾಥ ಎಂಬ ಹೆಸರುಗಳನ್ನು ನಮ್ಮ ಮನೆಗಳ ಹಿರಿಯರು ಇಂದಿಗೂ ನೆನೆಯುವುದು ಮಾತಿಗೂ ನಾಟ್ಯಕ್ಕೂ ಆಗಿ. ಆದರೆ ಆ ಮಾತಿಗೆ ಕಿವಿಗೊಡುವ ಮೊದಲು ಸಭಿಕರ ಕಣ್ಣು ಮುಖವನ್ನು ನಂಬಬೇಕಾಗಿತ್ತು.

ಬಡಗಿನ ಚೌಕಿಯಲ್ಲಿ ಮುಖವರ್ಣಿಕೆಯನ್ನು ವೇಷಧಾರಿಯು ತಾನೇ ಬರೆದುಕೊಳ್ಳುವುದು ವಾಡಿಕೆ. ಚಾಪೆಯ ಮೇಲೆ ಕುಳಿತು, ಎಡಗೈಯಲ್ಲಿ ಕನ್ನಡಿ ಹಿಡಿದು, ಪೆಟ್ಟಿಗೆಯನ್ನು ತೆರೆಯುತ್ತಾನೆ. ಹಿಂದಿನ ಪೆಟ್ಟಿಗೆಯಲ್ಲಿ ಇದ್ದ ದ್ರವ್ಯಗಳು ಎಣಿಸುವಷ್ಟೇ: ಬಿಳಿಗೆ ಸಫೇತ, ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಕಪ್ಪಿಗೆ ಕಾಡಿಗೆ, ಇವನ್ನು ಕಲಸುವುದಕ್ಕೆ ತೆಂಗಿನೆಣ್ಣೆ. ಭರತನ ನಾಲ್ಕು ಬಣ್ಣಗಳನ್ನು ಓದುಗರು ಇಲ್ಲಿ ಗುರುತಿಸಿರಬಹುದು. ಎಡ ಅಂಗೈಯೇ ಕಲಸುವ ಮಣೆ. ಮೊದಲು ಎಣ್ಣೆ, ಅದರ ಮೇಲೆ ಬಿಳಿ, ಬಿಳಿಗೆ ಹಳದಿ, ಕಡೆಯಲ್ಲಿ ಉಗುರಿನ ತುದಿಯಷ್ಟು ಕೆಂಪು. ಇದಕ್ಕೆ ಗುಂಜಿ ತೂಕದ ಲೆಕ್ಕವಿಲ್ಲ. ಕಲಸಿದುದನ್ನು ಗಲ್ಲದ ಕೆಳಗೆ ಒಂದು ಎಳೆ ಎಳೆದು, ಕೊರಳಿನ ಜೊತೆಗಿಟ್ಟು ನೋಡಿ, ಬೇಕಾದುದನ್ನು ಮತ್ತೆ ಬೆರೆಸುವುದೇ ಲೆಕ್ಕ.

ಈಗ ಬಿಳಿಯ ಮುಖದ ತೊಡಕಿಗೆ ಬರೋಣ. ಚರ್ಮದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯವು ಹೆಚ್ಚಾದಷ್ಟು ಮೈ ಕಪ್ಪಾಗುವುದೆಂದೂ ಕಡಿಮೆಯಾದಷ್ಟು ಬಿಳುಪಾಗುವುದೆಂದೂ ಶಾಲೆಯ ಪಾಠದಲ್ಲಿಯೇ ಉಂಟು. ಆದರೆ ತೀರ ಬೆಳ್ಳಗಿರುವವರ ಮುಖವು ಕಾಗದದಂತೆ ಕಾಣುವುದಿಲ್ಲ. ಮೇಲಿನ ತೆರೆಯು ತೆಳುವಾದುದರಿಂದ ಒಳಗಿನ ರಕ್ತದ ಬಣ್ಣವು ಹೊರಕ್ಕೆ ಹೊಳೆಯುತ್ತದೆ. ಕೆನ್ನೆಯಲ್ಲಿ ಕೆಂಪು, ಕಣ್ಣಿನ ಕೆಳಗೆ ನೀಲಿ, ಹಣೆಯಲ್ಲಿ ಹಳದಿ. ಒಂದೇ ಮುಖದಲ್ಲಿ ಮೂರು ಬಣ್ಣ! ಸಫೇತವು ಬೆಳಕನ್ನು ಒಳಕ್ಕೆ ಬಿಡದ ದ್ರವ್ಯ. ಅದನ್ನು ಹಚ್ಚಿದೊಡನೆ ರಕ್ತದ ಹೊಳಪು ಅಡಗಿಹೋಗುತ್ತದೆ. ಕಪ್ಪುಮುಖಕ್ಕೆ ಬೇಕಾದ ಅಡಿಬಣ್ಣದಲ್ಲಿ ಹಳದಿಯೂ ಕೆಂಪೂ ಧಾರಾಳವಾಗಿರುವುದರಿಂದ ಒಂದು ಚಿಟಿಕೆ ಹೆಚ್ಚುಕಡಿಮೆಯಾದರೆ ಕಾಣದು. ಬಿಳಿಮುಖದ ಅಡಿಬಣ್ಣದಲ್ಲಿ ಬಹುಭಾಗವು ಬಿಳಿಯೇ ಆದುದರಿಂದ ಉಗುರಿನಷ್ಟು ಕೆಂಪು ಹೆಚ್ಚಿದರೆ ಮುಖವು ಗುಲಾಬಿ, ಅಷ್ಟೇ ಹಳದಿ ಹೆಚ್ಚಿದರೆ ಕಾಮಾಲೆ, ಎರಡೂ ಕಡಿಮೆಯಾದರೆ ಸುಣ್ಣದ ಗೋಡೆ. ಹಾಲಿಗೆ ಬಿದ್ದ ಹನಿಯು ಕಾಣುವಷ್ಟು ಕಾಫಿಗೆ ಬಿದ್ದ ಹನಿ ಕಾಣುವುದಿಲ್ಲವಷ್ಟೆ.

ನಾನು ಉಪಾಧ್ಯಾಯನಾಗಿದ್ದ ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ಸೀತೆಯ ಪಾತ್ರಕ್ಕೆ ಆರಿಸಿದ್ದ ಹುಡುಗನು ತೀರ ಬೆಳ್ಳಗಿದ್ದನು. ಪೇಟೆಯಿಂದ ಕರೆಸಿದ ಬಣ್ಣಗಾರನೊಬ್ಬನು ಇವನಿಗೇನು ಕಷ್ಟವೆಂದು ಬಿಳಿಯ ಲೇಪವನ್ನು ತೆಳ್ಳಗೆ ಬಳಿದು ಎಬ್ಬಿಸಿದನು. ಹುಡುಗನ ತಾಯಿ ನೇಪಥ್ಯಕ್ಕೆ ಬಂದವರು ಅವನನ್ನು ಕಂಡು ಗಾಬರಿಯಿಂದ ಜ್ವರವೇ ಎಂದು ಹಣೆ ಮುಟ್ಟಿನೋಡಿದರು. ಆಟ ನೋಡಲು ಬಂದಿದ್ದ ಹಳೆಯ ಸ್ತ್ರೀವೇಷಧಾರಿಯೊಬ್ಬರು ಒಂದು ಮಾತನ್ನೂ ಆಡದೆ ತೆಂಗಿನೆಣ್ಣೆಯಿಂದ ಅದನ್ನೆಲ್ಲ ಒರಸಿದರು. ಅಂಗೈಯಲ್ಲಿ ಹಳದಿಯನ್ನು ಬಿಳಿಗಿಂತ ಮುಂದಾಗಿ ಕಲಸಿ, ಕೆಂಪನ್ನು ಮುಖಕ್ಕೆಲ್ಲ ಬೆರೆಸದೆ ಕೆನ್ನೆಗೂ ಕಣ್ಣಿನ ರೆಪ್ಪೆಗೂ ಗಲ್ಲದ ತುದಿಗೂ ಉಳಿಸಿದರು. ನಾನು ಕಾರಣ ಕೇಳಿದ್ದಕ್ಕೆ, "ಬೆಳಿ ಇದ್ದಲ್ಲಿ ಬೆಳಿ ಹಾಕ್ರೆ ಎಂತ ಆತ್ತ್? ಇಲ್ದೇ ಇದ್ದದ್ ಹಾಕ್ಕ್" ಎಂದರು. ಭರತನ ಗೌರವರ್ಣದ ಸೂತ್ರಕ್ಕೆ ಇದಕ್ಕಿಂತ ಉತ್ತಮವಾದ ವ್ಯಾಖ್ಯಾನವನ್ನು ನಾನು ಯಾವ ಪಂಡಿತರಿಂದಲೂ ಕೇಳಿದ್ದಿಲ್ಲ.

ಬಣ್ಣವು ಮುಖದ ಮೇಲಿರುವುದೆಂದು ನಾವು ತಿಳಿಯುತ್ತೇವೆ. ಅರ್ಧಪಾಲು ಅದು ದೀಪದಲ್ಲಿರುವುದು. ಹಿಂದೆ ಬಯಲಾಟಕ್ಕೆ ದೊಂದಿಯ ಬೆಳಕು ಇದ್ದಿತು. ಎಣ್ಣೆಯ ಉರಿಯ ಬೆಳಕೇ ಕೆಂಪುಹಳದಿಯಾದುದರಿಂದ ಅದರಲ್ಲಿ ಸಫೇತವು ಕೂಡ ಬೆಣ್ಣೆಯ ಬಣ್ಣವಾಗಿ ತೋರುವುದು. ಬಣ್ಣಗಾರನ ಕೊರತೆಯನ್ನು ಉರಿಯು ತುಂಬಿಕೊಡುತ್ತಿತ್ತು. ೧೮೮೫ರಲ್ಲಿ ಆಸ್ಟ್ರಿಯಾ ದೇಶದ ಔವರ್ ಎಂಬ ರಸಾಯನಶಾಸ್ತ್ರಜ್ಞನು ಉರಿಯಲ್ಲಿ ಬೆಳ್ಳಗೆ ಬೆಳಗುವ ಜಾಲರಿಯನ್ನು ಕಂಡುಹಿಡಿದನು. ಅದೇ ಮುಂದೆ ಗ್ಯಾಸ್‌ಲೈಟಿನ ಮೆಂಟಲ್ ಆಗಿ ನಮ್ಮ ಗದ್ದೆಗಳಿಗೂ ಬಂದಿತು. ಆ ಬಿಳಿಯ ಬೆಳಕಿನಲ್ಲಿ ದೊಂದಿಯ ಕಾಲದ ಬೆರಕೆಯು ನಡೆಯದು, ಹಳದಿಯನ್ನು ಏರಿಸಬೇಕಾಗುವುದು. ಅನಂತರ ಡೇರೆ ಮೇಳಗಳೂ ವಿದ್ಯುದ್ದೀಪಗಳೂ ಬಂದುವು. ಇಲ್ಲೊಂದು ಸೂಕ್ಷ್ಮವುಂಟು. ದೊಂದಿಯ ಕಾಲದಲ್ಲಿ ಚೌಕಿಯಲ್ಲಿಯೂ ಉರಿ, ರಂಗಸ್ಥಳದಲ್ಲಿಯೂ ಉರಿ. ಕನ್ನಡಿಯಲ್ಲಿ ಕಂಡ ಮುಖವೇ ಸಭೆಗೆ ಕಾಣುತ್ತಿತ್ತು. ಈಗ ಚೌಕಿಗೆ ಒಂದು ದೀಪ, ರಂಗಕ್ಕೆ ಬೇರೆ ದೀಪ. ವೇಷಧಾರಿಯು ಒಂದು ಬೆಳಕಿನಲ್ಲಿ ಕುಳಿತು ಮತ್ತೊಂದು ಬೆಳಕನ್ನು ಊಹಿಸಿಕೊಂಡು ಬಣ್ಣ ಬೆರೆಸಬೇಕಾಗಿದೆ. ಮದುವಣಗಿತ್ತಿಯನ್ನು ಕೋಣೆಯ ಬಲ್ಬಿನ ಕೆಳಗೆ ಸಿಂಗರಿಸಿ ಬಿಸಿಲಿನ ಚಪ್ಪರಕ್ಕೆ ಕರೆತರುವವರ ಕಷ್ಟವೂ ಇದೇ ಆಗಿದೆ.

ಸಮುದ್ರದಾಚೆಗೆ ಇದೇ ಕಾಲದಲ್ಲಿ ಏನು ನಡೆಯುತ್ತಿದ್ದಿತು ಎಂಬುದನ್ನು ಇಲ್ಲಿ ಹೇಳಬೇಕು. ಜರ್ಮನಿಯ ಲೈಪ್‌ಜಿಗ್ ನಗರದ ನಟನಾದ ಕಾರ್ಲ್ ಬೌಡಿನ್ ಎಂಬವನು ಹತ್ತೊಂಬತ್ತನೆಯ ಶತಮಾನದಲ್ಲಿ, ಕಟ್ಟುಗೂದಲಿನ ಅಂಚು ಹಣೆಯ ಮೇಲೆ ಗೆರೆಯಾಗಿ ಕಾಣುವುದನ್ನು ಮರೆಸುವುದಕ್ಕಾಗಿ, ಸತುವಿನ ಬಿಳಿಯನ್ನೂ ಹಳದಿ ಕಾವಿಮಣ್ಣನ್ನೂ ಇಂಗಳೀಕವನ್ನೂ ಕೊಬ್ಬಿನಲ್ಲಿ ಕಲಸಿ ಚರ್ಮದ ಬಣ್ಣದ ಲೇಪವನ್ನು ಮಾಡಿದನು. ಕೊಬ್ಬಿನ ಸ್ಥಾನದಲ್ಲಿ ತೆಂಗಿನೆಣ್ಣೆಯನ್ನು ಇಟ್ಟರೆ ಇದು ನಮ್ಮ ಚೌಕಿಯ ಅಡಿಬಣ್ಣವೇ. ಒಬ್ಬರನ್ನೊಬ್ಬರು ಕಾಣದೆ ಎರಡು ಕಡೆಯವರೂ ಬಿಳಿ, ಹಳದಿ, ಕೆಂಪು ಎಂಬ ಒಂದೇ ಮೂರಕ್ಕೆ ಬಂದು ನಿಂತರು. ಮನುಷ್ಯಚರ್ಮವು ಕಲಿಸಿದ ಪಾಠ ಒಂದೇ ಆದುದರಿಂದ ಇದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ತರುವಾಯ ೧೮೭೩ರಲ್ಲಿ ಬರ್ಲಿನ್ನಿನ ಸಂಗೀತನಾಟಕಗಳ ಗಾಯಕನಾದ ಲುಡ್‌ವಿಗ್ ಲೈಕ್ನರ್ ಎಂಬವನು ಇಂತಹ ಲೇಪಗಳನ್ನು ಕಡ್ಡಿಗಳಾಗಿ ಮಾಡಿ ಮಾರತೊಡಗಿದನು. ಅವುಗಳಿಗೆ ಅಂಕೆಗಳೂ ಬಂದುವು. ೫ ಎಂದರೆ ದಂತದ ಬಣ್ಣ. ೯ ಎಂದರೆ ಇಟ್ಟಿಗೆಯ ಕೆಂಪು. ಆಂಗ್ಲ ರಂಗಭೂಮಿಯಲ್ಲಿ ಬಹುಕಾಲ ಈ ಐದನ್ನೂ ಒಂಬತ್ತನ್ನೂ ಮುಖದ ಮೇಲೆಯೇ ಬೆರೆಸಿ ತಮ್ಮತಮ್ಮ ಬಣ್ಣಕ್ಕೆ ತಂದುಕೊಳ್ಳುತ್ತಿದ್ದರು. ಬೆಳ್ಳಗಿನ ಜನರ ದೇಶದಲ್ಲಿಯೂ ಬರಿಯ ದಂತದ ಕಡ್ಡಿಯೊಂದರಿಂದ ಕೆಲಸವಾಗಲಿಲ್ಲವೆಂಬುದನ್ನು ಗಮನಿಸಬೇಕು.

ಪೋಲೆಂಡಿನಲ್ಲಿ ಹುಟ್ಟಿ ಅಮೇರಿಕಕ್ಕೆ ಹೋದ ಮ್ಯಾಕ್ಸ್ ಫ್ಯಾಕ್ಟರನು ೧೯೧೪ರಲ್ಲಿ ಚಲನಚಿತ್ರದವರಿಗಾಗಿ ೧೨ ಛಾಯೆಗಳ ತೆಳುಲೇಪವನ್ನು ತಯಾರಿಸಿದನು. ೧೯೩೭ರಲ್ಲಿ ಅವನ ಹೆಸರಿನ ಕಂಪೆನಿಯ ಪ್ಯಾನ್‌ಕೇಕ್ ಎಂಬ ಒತ್ತುಪುಡಿಯು ವರ್ಣಚಿತ್ರಗಳಿಗಾಗಿ ಬಂದು, ಬಳಿಕ ಅಂಗಡಿಯ ಸರಕಾಯಿತು. ಅಂದಿನಿಂದ ಬೆರೆಸುವ ಕೆಲಸವು ಕಾರ್ಖಾನೆಗೆ ಹೋಯಿತು. ಕೊಳ್ಳುವವರಿಗೆ ಉಳಿದದ್ದು ಅಂಕೆಯನ್ನು ಆರಿಸುವ ಕೆಲಸ. ಈಗಿನ ಫೌಂಡೇಶನ್ನಿನ ಒಳಗೇನಿದೆ ಎಂದು ನೋಡಿದರೆ ಬಿಳಿಗೆ ಟೈಟೇನಿಯಮ್ ಡೈಆಕ್ಸೈಡ್. ಹಳದಿ, ಕೆಂಪು, ಕಪ್ಪು ಬಣ್ಣಗಳ ಕಬ್ಬಿಣದ ಆಕ್ಸೈಡುಗಳು ಮೂರು. ಸಿತ, ಪೀತ, ರಕ್ತ, ಮತ್ತು ನೀಲದ ಸ್ಥಾನದಲ್ಲಿ ಕಪ್ಪು! ಸೀಸೆ ಹೊಸದು, ವರ್ಣಸಂಕರವು ಹಳೆಯದು. ಕಾರ್ಖಾನೆಯವರು ನಡುವಣ ಬಣ್ಣದವರಿಗಾಗಿ ಹತ್ತು ಛಾಯೆ ಮಾಡಿ ಎರಡು ಕೊನೆಗಳನ್ನು ಬಿಡುವುದರಿಂದ ತೀರ ಬೆಳ್ಳಗಿರುವವರೂ ತೀರ ಕಪ್ಪಗಿರುವವರೂ ಸಮಾನದುಃಖಿಗಳಾದರು. ೨೦೧೭ರಲ್ಲಿ ಫೆಂಟಿ ಬ್ಯೂಟಿ ಎಂಬ ಕಂಪೆನಿಯು ಒಮ್ಮೆಗೇ ೪೦ ಛಾಯೆಗಳನ್ನು ಹೊರತಂದಾಗ ಲೋಕವೆಲ್ಲ ಅದನ್ನು ಕೊಂಡಾಡಿದ್ದು ಇದಕ್ಕಾಗಿ.

ಹಾಗೆಂದು ಹಳೆಯ ಪೆಟ್ಟಿಗೆಯನ್ನು ಹಿಂದಕ್ಕೆ ತರಬೇಕೆಂದು ನಾನು ವಾದಿಸುವವನಲ್ಲ. ಅರದಾಳವೆಂದರೆ ಪಾಷಾಣದ ಗಂಧಕಯೋಗ. ಇಂಗಳೀಕವೆಂದರೆ ಪಾದರಸದ ಗಂಧಕಯೋಗ. ಬಿಳಿಯೆಂದು ಕೆಲವು ಕಾಲ ಹಲವು ದೇಶಗಳಲ್ಲಿ ಹಚ್ಚಿದ ಸೀಸದ ಸಫೇತವಂತೂ ಕೇವಲ ವಿಷ; ಸತುವಿನ ಸಫೇತವು ಬಂದುದು ಲೋಕದ ಪುಣ್ಯ. ದೀಪಾವಳಿಯ ಮೇಲೆ ಹೊರಟ ಮೇಳವು ಮಳೆಗಾಲದವರೆಗೆ ತಿರುಗುವುದು. ಅಷ್ಟು ತಿಂಗಳು ದಿನಂಪ್ರತಿ ಈ ದ್ರವ್ಯಗಳನ್ನು ಮುಖಕ್ಕೆ ತೀಡಿ, ಬೆವರಿನಲ್ಲಿ ನೆನೆಸಿ, ಬೆಳಗಾದ ಮೇಲೆ ಎಣ್ಣೆಯಿಂದ ತಿಕ್ಕಿ ತೆಗೆದವರ ಚರ್ಮದ ಗತಿಯನ್ನು ಕಲೆಯ ಅಭಿಮಾನಿಗಳು ಹೆಚ್ಚಾಗಿ ವಿಚಾರಿಸಿದ್ದಿಲ್ಲ. ತೆಳುಚರ್ಮದವರಿಗೆ ಉರಿಯೂ ಬೊಕ್ಕೆಯೂ ಬೇಗನೆ ಏಳುವುವು. ಪ್ಯಾನ್‌ಕೇಕು ಚೌಕಿಗೆ ಬಂದುದನ್ನು ಕಂಡು ಮೂಗು ಮುರಿಯುವವರು ಇದನ್ನೂ ಎಣಿಸಬೇಕು. ದ್ರವ್ಯವು ಹೋಗಲಿ, ಕೈಯ ಹದವು ಅದರೊಡನೆ ಹೋಗುತ್ತಿರುವುದೇ ನನ್ನ ಚಿಂತೆ. ಒಂದೇ ಅಂಕೆಯ ಡಬ್ಬಿಯನ್ನು ಹತ್ತು ಮುಖಗಳಿಗೆ ಬಳಿದರೆ, ಸುಭದ್ರೆಯೂ ಪ್ರಭಾವತಿಯೂ ದೇವಿಯ ಸಖಿಯರೂ ಒಂದೇ ಅಚ್ಚಿನ ಗುಲಾಬಿ ಬಣ್ಣದವರಾಗಿ ಕಾಣುತ್ತಾರೆ. ಕುಂದಾಪುರದ ಸಮೀಪದ ಉಪ್ಪಿನಕುದ್ರುವಿನಲ್ಲಿ ಕೊಗ್ಗ ದೇವಣ್ಣ ಕಾಮತರ ಮನೆತನದವರು ಆಡಿಸಿಕೊಂಡು ಬಂದ ಯಕ್ಷಗಾನದ ಗೊಂಬೆಗಳಿಗೆ ಇದು ಒಪ್ಪುವುದು. ಮರದ ಮುಖಕ್ಕೆ ಬೆವರಿಲ್ಲ, ರಕ್ತವಿಲ್ಲ, ಒಮ್ಮೆ ಬರೆದುದು ನಿಲ್ಲುವುದು.

ಕೋಟದಲ್ಲಿ ೧೯೦೨ರಲ್ಲಿ ಹುಟ್ಟಿದ ಶಿವರಾಮ ಕಾರಂತರು ೧೯೫೭ರ ತಮ್ಮ "ಯಕ್ಷಗಾನ ಬಯಲಾಟ"ವೆಂಬ ಗ್ರಂಥದಲ್ಲಿ ವೇಷಭೂಷಣಗಳ ಮಾತನ್ನು ಸಂಗೀತ ಸಾಹಿತ್ಯಗಳೊಡನೆ ಸರಿಸಮವಾಗಿ ಎತ್ತಿ ಆಡಿದರು. ಅಮೇರಿಕದಿಂದ ಬಂದ ಮಾರ್ಥಾ ಬುಷ್ ಆಶ್ಟನ್ ಎಂಬ ವಿದುಷಿಯು ಹಿರಿಯಡ್ಕ ಗೋಪಾಲರಾಯರಲ್ಲಿ ಬಡಗುತಿಟ್ಟನ್ನು ಕಲಿತು, ವೇಷ ಕಟ್ಟಿ ಕುಣಿದು, ೧೯೭೭ರಲ್ಲಿ ಬ್ರೂಸ್ ಕ್ರಿಸ್ಟಿಯವರೊಡನೆ ಆಂಗ್ಲಭಾಷೆಯಲ್ಲಿ ಗ್ರಂಥವನ್ನೂ ಪ್ರಕಟಿಸಿದರು. ನಾಟ್ಯಶಾಸ್ತ್ರದ ಯವನರಿಗೆ ನಮ್ಮವರು ಬಣ್ಣ ಬಳಿದುಕೊಂಡು ವೇಷ ಹಾಕುತ್ತಿದ್ದ ಕಾಲ ಹೋಗಿ, ಪಶ್ಚಿಮದವರೇ ನಮ್ಮ ಚೌಕಿಯ ಚಾಪೆಯ ಮೇಲೆ ಕುಳಿತು ಬಣ್ಣ ಹಚ್ಚಿಕೊಂಡದ್ದು ಕಾಲದ ಒಂದು ವಿನೋದ.

ಈ ವಿಷಯವು ಬರಿಯ ಶೃಂಗಾರದ ಮಾತೆಂದು ಕೆಲವು ಗೃಹಸ್ಥರು ಪುಟ ತಿರುಗಿಸಬಹುದು. ಮೈಯಲ್ಲಿ ವರ್ಣದ್ರವ್ಯವು ಇಲ್ಲದೆಯೇ ಹುಟ್ಟಿದ ಮಕ್ಕಳು ನಮ್ಮ ಊರುಗಳಲ್ಲಿಯೂ ಇದ್ದಾರೆ. ಆಯುರ್ವೇದದವರು ಶ್ವಿತ್ರವೆನ್ನುವ, ಜನರು ತೊನ್ನೆನ್ನುವ, ಅಂಟಿಕೊಳ್ಳದ ಬಿಳಿಯ ಮಚ್ಚೆಗಳಿಗಾಗಿ ಮದುವೆಯ ಮಾತು ಮುರಿದುಹೋದ ಮನೆಗಳೂ ಇವೆ. ಅಂತಹ ಹುಡುಗಿಯೊಬ್ಬಳು ತನ್ನ ಮುಖಕ್ಕೆ ಸರಿಹೊಂದುವ ಬಣ್ಣವನ್ನು ಹುಡುಕಿದರೆ ಅದನ್ನು ಬಿಂಕವೆನ್ನಲಾಗದು. ಬೆಳ್ಳಗಾಗುವ ಲೇಪಗಳನ್ನು ವರ್ಷಾಂತರಗಳಿಂದ ಕೊಂಡುಬಂದ ಸಮಾಜವು ನಿಜವಾಗಿ ಬೆಳ್ಳಗಿರುವ ಮುಖವನ್ನು ಕಂಡು ರೋಗವೆನ್ನುವುದು ಬೇರೊಂದು ಸೋಜಿಗ.

ಚೌಕಿಯ ಹಿರಿಯರ ಪದ್ಧತಿಯಿಂದ ಇಂದಿನ ಸೀಸೆಗಳಿಗೂ ಸಲ್ಲುವಂತಹವು ಕೆಲವುಂಟು. ಬಣ್ಣವನ್ನು ಮುಂಗೈಯ ಮೇಲೆ ಹಚ್ಚಿ ನೋಡಬಾರದು. ಬಿಸಿಲು ಕಂಡ ಕೈಯ ಬಣ್ಣವೇ ಬೇರೆ, ಮುಖದ ಬಣ್ಣವೇ ಬೇರೆ. ದವಡೆಯ ಅಂಚಿನಲ್ಲಿ ಎಳೆದು, ಅಂಗಡಿಯ ದೀಪವನ್ನು ಬಿಟ್ಟು ಬಾಗಿಲಿನ ಹೊರಗೆ ಹಗಲಿನ ಬೆಳಕಿಗೆ ಬಂದು ಕೊರಳಿನೊಡನೆ ಹೋಲಿಸಬೇಕು. ಹಚ್ಚಿದೊಡನೆ ತೀರ್ಮಾನ ಮಾಡದೆ ಸ್ವಲ್ಪ ಹೊತ್ತು ಕಾಯಬೇಕು. ಎಣ್ಣೆಯೂ ಬೆವರೂ ಕೂಡಿದ ಮೇಲೆ ಅನೇಕ ಲೇಪಗಳು ಒಂದು ಛಾಯೆ ಕಂದುತ್ತವೆ, ನಮ್ಮ ಕರಾವಳಿಯ ಸೆಕೆಯಲ್ಲಿ ಇನ್ನೂ ಬೇಗ. ತೀರ ಬಿಳಿಯ ಛಾಯೆಯೊಂದನ್ನೂ ತುಸು ಹಳದಿಯದೊಂದನ್ನೂ ತಂದು ಅಂಗೈಯಲ್ಲಿ ಬೆರೆಸಿಕೊಂಡರೆ ಅಂಕೆಯ ಹಂಗೇ ಇಲ್ಲ. ಬೆರೆಸುವಾಗ ಹಳದಿಯನ್ನು ಮೊದಲು, ಕೆಂಪನ್ನು ಕಡೆಗೆ. ಅದೂ ಕೆನ್ನೆಗೆ ಮಾತ್ರ.